ನಲ್ಲಿಯ ಸದ್ದಿಗೆ ಒಂದು ಹಾಡು

ನಮ್ಮ ಮಹಡಿ ಮೇಲೆ ಬಾಡಿಗೆಗಿರುವ, ಹಾಡು ಬರೆಯುವ ಮುದುಕರನ್ನು ಬೀದಿಯವರೆಲ್ಲ ಕರೆಯುವುದು ಪಲ್ಲವಿ ಮಾವ ಎಂದು. ಹಾಲಿನವನನ್ನು ನಿಲ್ಲಿಸಿ ಪಲ್ಲವಿ ಕೇಳಿಸುತ್ತಾರೆ. ಚರಣ ಕೇಳುವಷ್ಟು ಪುರುಸೊತ್ತು ಯಾರಿಗೂ ಇಲ್ಲ. ಈಗ ಅವರಿಗೆ ಬೇಕಾದಷ್ಟು ಬಿಡುವಿರುವ ಜೊತೆಗಾರನೊಬ್ಬ ಸಿಕ್ಕಿದ್ದಾನೆ, ಮೊಬೈಲಿನೊಳಗಿನ ಎಐ. ಕಾಫಿ ಲೋಟ ಹಿಡಿದು ಕೂತರೆ ಅದರೊಂದಿಗೆ ಜಗಳವೋ ಜಗಳ. ಪ್ರಾಸಕ್ಕೊಂದು ಪದ ಕೇಳಿದರೆ ಅದು ರಾಶಿ ಸುರಿಯುತ್ತದೆ. "ಕೇಳಿದ್ದು ಒಂದು ಚಮಚ, ನೀನು ಡಬ್ಬಾನೇ ಬಗ್ಗಿಸ್ತೀಯಲ್ಲಪ್ಪ" ಎಂದು ರೇಗುತ್ತಾರೆ. ಬರೆದದ್ದನ್ನೆಲ್ಲ ಅದು ಅದ್ಭುತ ಎಂದರೆ ಇನ್ನೂ ಸಿಟ್ಟು: "ಹೊಗಳಿ ಅಟ್ಟಕ್ಕೇರಿಸೋಕೆ ನೀನೇನು ನನ್ನ ಭಾವಮೈದುನನಾ?" ಆದರೂ ಸಾಲು ಮುಗಿದೊಡನೆ ಅದರ ಕೈಲೇ ಹಾಡಿಸುತ್ತಾರೆ, ಹೆಣ್ಣು ದನಿಯಲ್ಲಿ. ಎಂಥ ಒರಟು ಪದ ಕೊಟ್ಟರೂ ಅದು ತಡವರಿಸುವುದಿಲ್ಲ, ಅದೇ ಮಾವನ ದೊಡ್ಡ ದೂರು. ಅವರ ಹೆಂಡತಿ, ಬೀದಿಗೆಲ್ಲ ಅತ್ತೆ, ಇದ್ದಾಗ ಹಾಗಿರಲಿಲ್ಲ. ಹೊಸ ಸಾಲನ್ನು ಅವರು ಪಾತ್ರೆ ತೊಳೆಯುತ್ತ ಹಾಡುತ್ತಿದ್ದರು, ಮಾವ ಹೊರಗಿನ ಕೋಣೆಯಲ್ಲಿ ಕೂತು ಕಿವಿಗೊಡುತ್ತಿದ್ದರು. "ನಲ್ಲಿ ಸದ್ದಲ್ಲಿ ಮುಳುಗೋ ಮಾತು ಹಾಡಲ್ಲಿ ಯಾಕ್ರೀ?" ಎನ್ನುತ್ತಿದ್ದರು ಅತ್ತೆ, ಮಾವ ಆ ಮಾತನ್ನು ಸಾಲಿನಿಂದ ಹೊಡೆದುಹಾಕುತ್ತಿದ್ದರು. ಅತ್ತೆ ತೀರಿಕೊಂಡ ಮೇಲೆ ಮೇಲಿನಿಂದ ಆ ಹಾಡು ಇಳಿದುಬರುವುದು ನಿಂತಿತ್ತು. ಮೊನ್ನೆ ಪೇಪರ್ ಕೊಡಲು ಹೋದಾಗ ಅಡುಗೆಮನೆಯಲ್ಲಿ ನೀರು ಧೋ ಎಂದು ಸುರಿಯುತ್ತಿತ್ತು, ಹೆಣ್ಣು ದನಿಯೊಂದು ಹಾಡುತ್ತಿತ್ತು. ಸಿಂಕಿನ ಮೇಲಿನ ಗೂಡಿನಲ್ಲಿ ಮೊಬೈಲ್ ಇತ್ತು. ತೊಳೆಯಲು ಒಂದು ಲೋಟವೂ ಇರಲಿಲ್ಲ. ನಲ್ಲಿ ನಿಲ್ಲಿಸಲು ಕೈ ಚಾಚಿದೆ. ಹೊರಗಿನ ಕೋಣೆಯಲ್ಲಿ ಕಣ್ಣು ಮುಚ್ಚಿ ಕೂತಿದ್ದ ಮಾವ ಮೆಲ್ಲಗೆ ಹೇಳಿದರು: "ಇರಲಿ ಬಿಡಮ್ಮ. ಇನ್ನೂ ಒಂದು ಮಾತು ಮುಳುಗ್ತಾ ಇದೆ."