ಕಣಕ್ಕೊಂದು ತಂಗಡಿ ಹೂ

ತಂಗಡಿ ಗಿಡವನ್ನು ಯಾರೂ ನೆಡುವುದಿಲ್ಲ, ನೀರೂ ಹಾಕುವುದಿಲ್ಲ. ಕೆಂಪು ಜಲ್ಲಿ ನೆಲ, ಬಂಡೆಯ ಸಂದು, ಕೆರೆ ಏರಿಯ ಮಗ್ಗುಲು, ಊರ ಗೋಮಾಳ, ಇಷ್ಟಿದ್ದರೆ ಅದಕ್ಕೆ ಸಾಕು. ಸೊಂಟದೆತ್ತರ ಬೆಳೆದು ಗೊಂಚಲು ಗೊಂಚಲಾಗಿ ಅರಿಶಿನದ ಬಣ್ಣದ ಹೂ ಬಿಡುತ್ತದೆ. ತೀರಾ ಹಸಿಯದ ಹೊರತು ಮೇಕೆಯೂ ಅದಕ್ಕೆ ಬಾಯಿ ಹಾಕದು.

ಅರವತ್ತರ ದಶಕದ ಕೊನೆಯಲ್ಲಿ ತೂಬಗೆರೆ ಕಡೆಯ ಒಂದು ಹಳ್ಳಿಯ ಶಾಲೆಗೆ ನಾನೊಬ್ಬಳೇ ಶಿಕ್ಷಕಿ. ಶಾಲೆಯ ಗೋಡೆಗೆ ಒತ್ತಿಕೊಂಡು ಏಳೆಂಟು ತಂಗಡಿ ಪೊದೆಗಳಿದ್ದವು, ಒಂದೂ ಸಾಲಿಗೆ ಬರುತ್ತಿರಲಿಲ್ಲ. ತರಬೇತಿಯ ಹಾಸ್ಟೆಲಿನಲ್ಲಿ ಐದು ಗಂಟೆಗೆ ಎದ್ದು, ಹೊದಿಕೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಿಸುವುದನ್ನು ಕಲಿತವಳಿಗೆ ಅದು ಕಣ್ಣಿಗೆ ಚುಚ್ಚುತ್ತಿತ್ತು. ಸೋಮವಾರ ಇನ್‌ಸ್ಪೆಕ್ಟರ್ ಬರುತ್ತಾರೆಂದು ತಿಳಿದದ್ದೇ ಶುಕ್ರವಾರ ಶ್ರಮದಾನ ಇಟ್ಟೆ. ಮಕ್ಕಳು ಮನೆಯಿಂದ ಕುಡುಗೋಲು ತಂದರು.

"ಮೇಡಂ, ಇದು ಕಣದ ಹೂವು," ಎಂದಳು ನಾಲ್ಕನೇ ಕ್ಲಾಸಿನ ಒಬ್ಬಳು.

"ಕಣದಲ್ಲೇ ಇರಲಿ. ಶಾಲೇಲಿ ಯಾಕೆ?" ಎಂದೆ.

ಒಂದು ಗಂಟೆಯಲ್ಲಿ ಅಂಗಳ ಬೋಳಾಯಿತು. ನನಗೆ ಬಹಳ ಸಂತೋಷವಾಯಿತು.

ಮರುದಿನ ಶನಿವಾರ, ಬೆಳಗಿನ ಶಾಲೆ. ಮಧ್ಯಾಹ್ನ ನನ್ನ ಬಾಡಿಗೆ ಕೋಣೆಗೆ ಮರಳಿದಾಗ ಮನೆಯೊಡತಿ ಅಜ್ಜಿಯ ಕಣದಲ್ಲಿ ತೂರಿದ ರಾಗಿಯ ರಾಶಿ ಸಿದ್ಧವಾಗಿತ್ತು. ರಾಶಿಯ ನೆತ್ತಿಯ ಮೇಲೆ ಸಗಣಿಯ ಬೆನಕ, ಅದರ ತಲೆಗೆ ಗರಿಕೆ. ಕೊಳಗ ಹಿಡಿದು ಮಗ ನಿಂತಿದ್ದ. ಮೂಡಲಿಂದ ಕರಿಮೋಡ ಏರುತ್ತಿತ್ತು. ಆದರೂ ಯಾರೂ ಅಳೆಯುತ್ತಿರಲಿಲ್ಲ.

"ಅವ್ವಾ, ಮೋಡ ನೋಡು. ಗರಿಕೆ ಐತಲ್ಲ, ಸಾಕು. ರಾಗಿ ನೆಂದ್ರೆ ವರ್ಷವೆಲ್ಲ ಮುಗ್ಗಲು ಮುದ್ದೆ ತಿಂತೀಯಾ?"

"ನಿಮ್ಮಪ್ಪನೇ ತಂಗಡಿ ಹೂ ಇಕ್ದೆ ಕೊಳಗ ಮುಟ್ಲಿಲ್ಲ. ನೀನ್ಯಾವ ದೊಡ್ಡ ಮನ್ಸನ್ಲಾ?"

"ಎಲ್ಲಿಂದ ತರ್ಲಿ? ಗೋಮಾಳದಾಗೆ ಇದ್ದಿದ್ದನ್ನೆಲ್ಲ ಚರ್ಮ ಹದ ಮಾಡೋರು ತೊಗಟೆಗೆ ಅಂತ ಕಡ್ಕೊಂಡು ಹೋದ್ರು. ಸ್ಕೂಲ್ ತಾವ ಇರೋದನ್ನ ಮಾತ್ರ ಬಿಡ್ರಪ್ಪಾ, ಕಣಕ್ಕೆ ಬೇಕು ಅಂತ ನಾವೇ ಕೈ ಮುಗ್ದು ಉಳಿಸ್ಕೊಂಡಿದ್ವಿ." ಆತ ನನ್ನ ಕಡೆ ನೋಡಲಿಲ್ಲ. ನೋಡಿದ್ದರೇ ಚೆನ್ನಾಗಿತ್ತು.

"ಮೇಡಂ ಕುಯ್ಸಲಿ ಅಂತ ಉಳಿಸಿದ್ವಿ," ಎಂದು ಸೊಸೆ ಸೆರಗಿನ ಮರೆಯಲ್ಲಿ ನಕ್ಕಳು.

ನಿನ್ನೆ ಕಡಿದ ಹೂಗಳೆಲ್ಲ ಬಾಡಿ ಮುದುರಿದ್ದವು. ಬಾಡಿದ್ದನ್ನು ಬೆನಕನಿಗೆ ಇಡುವಂತಿಲ್ಲ.

"ನಾನೇ ತರ್ತೀನಿ ಅಜ್ಜಿ," ಎಂದೆ.

"ಎಲ್ಲೈತವ್ವಾ? ನಿನ್ ಪುಸ್ತಕದಾಗಾ?"

ಸೊಸೆಗೆ ನನ್ನ ಮೇಲೆ ಕರುಣೆ ಬಂದಿರಬೇಕು. "ಕೆರೆ ಕೋಡಿ ತಾವ ದೊಡ್ಡ ಬಂಡೆ ಮ್ಯಾಲೆ ಒಂದೈತೆ ಮೇಡಂ. ಹತ್ತಕ್ಕಾಗಲ್ಲ ಅಂತ ತೊಗಟೆಯೋರೂ ಬಿಟ್ಟವ್ರೆ," ಎಂದಳು.

ಕೋಡಿಗೆ ಅರ್ಧ ಮೈಲಿ. ಡ್ರಿಲ್ಲಿನ ನಡಿಗೆಯಲ್ಲಿ ಹೋದೆ. ಚಪ್ಪಲಿ ಕೆಳಗೆ ಬಿಟ್ಟು, ನೆರಿಗೆ ಎತ್ತಿ ಕಟ್ಟಿ, ಬಂಡೆಯ ಬಿರುಕಿನಲ್ಲಿ ಬೆರಳಿಟ್ಟು ಹತ್ತಿದೆ. ನೆತ್ತಿಯಲ್ಲಿ ಒಂದು ಬೊಗಸೆ ಮಣ್ಣಿಗೆ ಬೇರು ಬಿಟ್ಟು ಆ ಗಿಡ ಮೈತುಂಬ ಹೂ ಹೊತ್ತಿತ್ತು. ಜೇನುಹುಳಗಳು ಆಗಲೇ ಕೆಲಸ ಹಚ್ಚಿಕೊಂಡಿದ್ದವು. ಎರಡು ಗೊಂಚಲು ಕಿತ್ತೆ, ದಾರಿಯಲ್ಲಿ ಒಂದು ಬಿದ್ದರೆ ಇನ್ನೊಂದಿರಲಿ ಎಂದು. ಇಳಿಯುವಾಗ ಸೀರೆ ಗೇಣುದ್ದ ಹರಿಯಿತು.

ತಣ್ಣನೆಯ ಗಾಳಿ ಬೀಸಿತು. ಓಡಿದೆ. ಶಾಲೆಯಲ್ಲಿ ಓಡಬಾರದು ಎಂದು ದಿನಕ್ಕೆ ಹತ್ತು ಸಲ ಹೇಳುವವಳು ಊರ ಬೀದಿಯಲ್ಲಿ ಹರಿದ ಸೀರೆಯುಟ್ಟು ಓಡಿದೆ. "ಮೇಡಂ ಓಡ್ತಾವ್ರೆ ಕಣ್ರೋ!" ಎಂದು ಮಕ್ಕಳು ಕೂಗಿಕೊಂಡು ಹಿಂದೆ ಬಿದ್ದರು.

ಅಜ್ಜಿ ಒಂದು ಗೊಂಚಲನ್ನು ಬೆನಕನ ನೆತ್ತಿಗೆ ಸಿಕ್ಕಿಸಿ ಕೈ ಮುಗಿದರು. ಮಗ ಮೊದಲ ಕೊಳಗ ತುಂಬಿ "ಲಾಭ" ಎಂದ. ಒಂದು ಎನ್ನಬಾರದು. ಆಮೇಲೆ ಎರಡು, ಮೂರು. ಅಳೆಯುವಾಗ ಬೇರೆ ಮಾತಿಲ್ಲ. ಸೊಸೆ, ನಾನು, ಮಕ್ಕಳು ಬುಟ್ಟಿ ಹೊತ್ತು ಒಳಗಿನ ಆಳೆತ್ತರದ ಮಣ್ಣಿನ ವಾಡೆಗಳಿಗೆ ಸುರಿದೆವು. ಕೊನೆಯ ಬುಟ್ಟಿ ಹೊಸಿಲು ದಾಟಿದ ಮೇಲೆ ನಾಲ್ಕು ಹನಿ ಬಿತ್ತು. ಮೋಡ ಅಷ್ಟಕ್ಕೇ ದೇವನಹಳ್ಳಿ ಕಡೆ ಹೊರಟುಹೋಯಿತು.

ಉಳಿದ ಗೊಂಚಲು ನನ್ನ ಕೈಯಲ್ಲೇ ಇತ್ತು. "ಅದನ್ಯಾಕೆ ಹಿಡ್ಕೊಂಡು ನಿಂತಿದ್ದೀಯಾ? ಎದುರು ಮನೆಯೋರು ಹೂವಿಲ್ದೆ ಕೂತವ್ರೆ, ಕೊಟ್ಟು ಬಾ," ಎಂದರು ಅಜ್ಜಿ.

ಊರಿನಲ್ಲಿ ಇನ್ನೂ ಆರು ಕಣಗಳು ಬಾಕಿ ಇದ್ದವು. ಯಾರದು ಯಾವ ದಿನ ಎಂದು ಕೇಳಿಕೊಂಡು, ಚೀಟಿ ಬರೆದು ಕೋಣೆಯ ಬಾಗಿಲಿಗೆ ಅಂಟಿಸಿದೆ. ಇನ್‌ಸ್ಪೆಕ್ಟರ್ ಬಂದ ದಿನವೂ ಸೇರಿದಂತೆ, ಬೆಳಗ್ಗೆ ಆರೂವರೆಗೆ ಕೋಡಿ, ಏಳೂವರೆಗೆ ಹೂವಿನೊಂದಿಗೆ ಅವರವರ ಕಣ. ಬುಧವಾರ ಸೊಸೆ ಆ ಚೀಟಿಯ ಮುಂದೆ ನಿಂತು ಓದಿಸಿಕೊಂಡಳು.

"ನಮ್ಮ ದೊಡ್ಡಮಾವನ ಕಣ ನಾಳೆಗೇ ಬಂದೈತೆ ಮೇಡಂ, ತಿದ್ದಿ ಬರ್ಕೊಳ್ಳಿ," ಎಂದಳು. "ಅವರು ಬಲು ಕೋಪಿಷ್ಟ್ರು. ತಡ ಮಾಡಿದ್ರೆ ಬೆಂಚಿನ ಮೇಲೆ ನಿಲ್ಲಿಸ್ತಾರೆ."