ದೇವೀರಮ್ಮನವರು ಕೇಳಿದ ಉಯ್ಯಾಲೆ

ಬಾಣಾವರದ ಪಟೇಲರ ಮನೆಯನ್ನು ಪರಂಪರೆ ಕೇಂದ್ರ ಮಾಡಿಕೊಂಡು ನಡೆಸುತ್ತಿರುವ ಸ್ವಯಂಸೇವಕರು ನಾವು ಐದು ಜನ. ಐವರಿಗೂ ವಿವರಣೆ ಕೊಡುವ ಚಟ. ಕಸ ಗುಡಿಸುವ ಹೊತ್ತಿಗೆ ಮಾತ್ರ ಐವರಿಗೂ ಸೊಂಟನೋವು. ಬೇಲೂರು, ಹಳೇಬೀಡು ನೋಡಿ ಬಂದು ರೈಲು ತಪ್ಪಿಸಿಕೊಂಡವರೇ ನಮ್ಮ ಪ್ರೇಕ್ಷಕರು.

ಹೋದ ತಿಂಗಳು ಅಟ್ಟದ ಮೇಲೆ ಪಟೇಲರ ಹೆಂಡತಿಯ ಉಯ್ಯಾಲೆ ಸಿಕ್ಕಿತು. ಮೂರು ಕೋಣೆಗಳ ತೊಲೆಗಳಲ್ಲೂ ಕೊಂಡಿಗಳಿದ್ದವು. ಅದನ್ನು ಎಲ್ಲಿ ತೂಗುಹಾಕಿದ್ದರು ಅಂತ ಜಗಳ ಹತ್ತಿಕೊಂಡಿತು. ನಮ್ಮ ಅಧ್ಯಕ್ಷ ಉಮಾಶಂಕರ್ ಅವರಿಗೋ ಎಲ್ಲವೂ ಅಧಿಕೃತವಾಗಿರಬೇಕು. ಕೊನೆಗೆ ಆ ಮನೆಯಲ್ಲಿ ಮೂವತ್ತು ವರ್ಷ ದುಡಿದಿದ್ದ ದೇವೀರಮ್ಮನವರನ್ನು ಕರೆಸಿದೆವು.

ಅವರಿಗೆ ಎಂಬತ್ತಾಗಿದೆ. ಬ್ಯಾಂಕ್ ಮ್ಯಾನೇಜರಾಗಿರುವ ಮಗಳು ಮಾಲಿನಿ ಕಾರಿನಲ್ಲಿ ತಂದು ಬಿಟ್ಟು ಹೋದಳು. ಇಸ್ತ್ರಿ ಮಾಡಿದ ಸೀರೆ, ತಲೆಗೆ ಒಂದು ಮೊಳ ಹೂವು.

"ಉಯ್ಯಾಲೆ ಎಲ್ಲಿತ್ತಜ್ಜಿ?" ಅಂದರು ಉಮಾಶಂಕರ್.

"ನನ್ಗೇನಪ್ಪ ಗೊತ್ತು? ನಮ್ಮ ಜನಾನ ಒಳೀಕೆ ಯಾರು ಬಿಟ್ಕೊತಿದ್ರು? ಸಗಣಿ ಬಾಚಿದ್ದು, ಸೌದೆ ಒಡ್ದಿದ್ದು, ಉಂಡಿದ್ದು ಎಲ್ಲಾ ಹಿತ್ಲಾಗೇ. ಇವತ್ತಾದ್ರೂ ಒಳ್ಗೆ ನೋಡಾನ ಅಂತ ಬಂದೆ. ಉಯ್ಯಾಲೆ ಸದ್ದು ಮಾತ್ರ ಗೊತ್ತೈತೆ. ಅಮ್ಮಾವ್ರು ದಿನಾ ತೂಗ್ಕೊಳೋರು."

ಉಮಾಶಂಕರ್ ಮುಖ ಅರಳಿತು. "ಹಾಗಾದ್ರೆ ನೀವು ಹಿತ್ತಲಲ್ಲೇ ನಿಂತ್ಕೊಳಿ ಅಜ್ಜಿ. ನಾವು ಒಳಗಿಂದ ತೂಗ್ತೀವಿ."

ಸಂದಿಯಲ್ಲಿ ಸುತ್ತಿಸಿ ಅವರನ್ನು ಹಿತ್ತಲಿಗೆ ಕರೆದೊಯ್ದರು. ನಾವು ಉಯ್ಯಾಲೆ ಹೊತ್ತುಕೊಂಡು ಪಡಸಾಲೆಯಲ್ಲಿ ಕಟ್ಟಿದೆವು. "ಅಲ್ಲ" ಅಂದರು. ನಡುಮನೆಯಲ್ಲಿ ಕಟ್ಟಿದೆವು. "ಅದೂ ಅಲ್ಲ." ಬಿಸಿಲು ನೆತ್ತಿಗೇರಿತ್ತು. ಒಬ್ಬರಾದರೂ ಆ ಮುದುಕಿಗೆ ಕುರ್ಚಿ ಕೊಡಲಿಲ್ಲ, ಒಳಗೆ ಬನ್ನಿ ಅನ್ನಲಿಲ್ಲ. ನಾನೂ ಅಷ್ಟೇ, ಸರಪಳಿ ಹಿಡಿದುಕೊಂಡು ನಿಂತಿದ್ದೆ. ಅಡುಗೆಮನೆ ಪಕ್ಕದ ಕೋಣೆಯಲ್ಲಿ ತೂಗಿದಾಗ, "ಅದೇಯ, ಇನ್ನು ಬಿಚ್ಬೇಡಿ" ಎಂಬ ಮಾತು ಹಿತ್ತಲಿಂದ ಬಂತು.

ಚಪ್ಪಾಳೆಯೋ ಚಪ್ಪಾಳೆ. 'ಈ ಮನೆಯಲ್ಲಿ ಒಡೆಯರು, ಆಳುಗಳು ಒಂದೇ ಕುಟುಂಬದವರಂತೆ ಬಾಳಿದರು' ಎಂದು ಬೋರ್ಡಿಗೆ ಒಕ್ಕಣೆಯೂ ಸಿದ್ಧವಾಯಿತು. ಉಮಾಶಂಕರ್ ಕ್ಯಾಮೆರಾ ಹಿಡಿದು ತಾವೇ ಹಿತ್ತಲಿಗೆ ಇಳಿದರು. "ಪಾಪ, ವಯಸ್ಸಾದೋರು, ಮೆಟ್ಟಿಲು ಹತ್ತಿಸೋದು ಬೇಡ. ಫೋಟೋ ಇಲ್ಲೇ ತೆಗೆಯೋಣ."

ನನಗೆ ಮೈ ಉರಿದುಹೋಯಿತು. 

ದೇವೀರಮ್ಮನವರು ಮಾತ್ರ ತಣ್ಣಗೆ, "ಫೋಟೋ ಆಮ್ಯಾಕಾಯ್ತದೆ ಕಣಪ್ಪ. ನೀವು ಬರೀ ಮಣೆ ತೂಗಿದ್ರಿ. ಆಳು ಕುಂತ್ರೆ ಸದ್ದೇ ಬ್ಯಾರೆ. ನಾನು ಕುಂತ್ಕೊತೀನಿ, ನೀವಿಲ್ಲೇ ನಿಂತು ಕೇಳಿ" ಅಂದರು.

ಅಧಿಕೃತವಾಗಬೇಕಲ್ಲ, ಉಮಾಶಂಕರ್ ಒಪ್ಪಿದರು.

ದೇವೀರಮ್ಮನವರು ಮುಂಬಾಗಿಲಿಗೆ ಸುತ್ತಿ ಬಂದು, ಪಡಸಾಲೆ, ನಡುಮನೆ ಎಲ್ಲವನ್ನೂ ನಿಧಾನವಾಗಿ ನೋಡಿ, ಉಯ್ಯಾಲೆಯ ಮೇಲೆ ಕುಳಿತು ಕಾಲಿನಿಂದ ನೆಲ ಒತ್ತಿದರು. ಅರ್ಧ ಗಂಟೆ ತೂಗಿಕೊಂಡರು. ಹಿತ್ತಲ ಬಿಸಿಲಿನಲ್ಲಿ ನಿಂತಿದ್ದ ಅಧ್ಯಕ್ಷರನ್ನು ಅವರು ಒಳಗೆ ಕರೆಯಲಿಲ್ಲ. ನಾನೂ ಕರೆಯಲಿಲ್ಲ.