ತಂಗಿಗೆ ಹೇಳದೆ ಬಂದದ್ದು

ಸ್ತನ ಕ್ಯಾನ್ಸರ್ ಎಂದು ಗೊತ್ತಾದಾಗ ಅಕ್ಕನಿಗೆ ಮೂವತ್ತೆಂಟು. ಹಾಸನದ ಡಾಕ್ಟರಮ್ಮ ಅವಳಿಗಿಂತ ಹೆಚ್ಚಾಗಿ ನಮ್ಮ ಮನೆಯವರ ಬಗ್ಗೆ ಕೇಳಿದರು. ಅವ್ವ ಅಂಡಾಶಯದ ಕ್ಯಾನ್ಸರಿನಲ್ಲಿ, ಅಜ್ಜಿ ಎದೆಹುಣ್ಣಿನಲ್ಲಿ ಹೋದವರು ಎಂದಾಗ, ಹಾಳೆಯೊಂದರ ಮೇಲೆ ಗೆರೆ ಎಳೆದು ನಮ್ಮ ಬಂಧುಬಳಗವನ್ನೆಲ್ಲ ಬರೆದುಕೊಂಡು, ಅಕ್ಕನ ರಕ್ತವನ್ನು ಜೀನ್ ಪರೀಕ್ಷೆಗೆ ಕಳಿಸಿದರು. ರೋಗ ತರುವ ದೋಷ ಅವ್ವನ ಕಡೆಯಿಂದ ಇಳಿದು ಬಂದಿತ್ತು. ಆಮೇಲೆ ನೋಡಿದರೆ ನನ್ನ ರಕ್ತದಲ್ಲೂ ಅದೇ ಇತ್ತು.

"ಎಲ್ಲರ ಹಾಗೆ ನಲವತ್ತು ದಾಟಲಿ ಅಂತ ನೀವು ಕಾಯೋ ಹಾಗಿಲ್ಲ," ಎಂದರು ಡಾಕ್ಟರಮ್ಮ. "ಈಗಿಂದಲೇ ವರ್ಷಾ ವರ್ಷ ಸ್ಕ್ಯಾನ್ ಮಾಡಿಸಿ. ನಿಮ್ಮ ಚಿಕ್ಕಮ್ಮ, ಅವರ ಮಗಳು, ಇಬ್ಬರೂ ರಕ್ತ ಕೊಟ್ಟು ನೋಡ್ಕೋಬೇಕು. ಅದನ್ನ ನೀವೇ ಹೋಗಿ ಹೇಳ್ಬೇಕು."

ಅಕ್ಕ ತೀರಿಕೊಂಡಳು. ತಿಥಿ ಮುಗಿದ ವಾರದಲ್ಲೇ ಡಾಕ್ಟರಮ್ಮ ಬರೆದುಕೊಟ್ಟ ಪತ್ರ ಹಿಡಿದು ಸಕಲೇಶಪುರದಲ್ಲಿ ಯಸಳೂರಿನ ಬಸ್ಸು ಹತ್ತಿದೆ. ಅವ್ವನ ತಂಗಿ ಚಿಕ್ಕವ್ವ ಕಣದಲ್ಲಿ ಮೆಣಸು ಹರವುತ್ತಿದ್ದಳು. ನಾನು ಹೇಳಿದ್ದನ್ನೆಲ್ಲ ಕೈ ನಿಲ್ಲಿಸದೆ ಕೇಳಿಸಿಕೊಂಡಳು.

"ಮಗ್ಳ ಮದ್ವೆ ಮಾತು ನಡೀತಾ ಐತೆ ಕಣವ್ವ," ಎಂದಳು ದನಿ ತಗ್ಗಿಸಿ. "ಕೆ. ಹೊಸಕೋಟೆ ಕಡೆಯೋರು. ಮನೆತನದಲ್ಲೇ ಕಾಯಿಲೆ ಐತೆ ಅಂತ ಗೊತ್ತಾಗ್ಬುಟ್ರೆ ಯಾರು ಮಾಡ್ಕತಾರೆ? ಮದ್ವೆ ಆಗೋಗ್ಲಿ, ಆಮೇಲೆ ನಾನೇ ಕರ್ಕೊಂಡೋಯ್ತೀನಿ."

"ಅವ್ಳಿಗೂ ಇಪ್ಪತ್ತಾರಾಯ್ತು ಚಿಕ್ಕವ್ವ, ಈಗ್ಲೇ ತೋರಿಸ್ಬೇಕು."

"ನಿಮ್ಮಕ್ಕನ ಆಣೆ ಐತೆ ನಿಂಗೆ, ಅವ್ಳಿಗೆ ಹೇಳ್ಬ್ಯಾಡ."

ಅಷ್ಟರಲ್ಲಿ ಚಿಕ್ಕವ್ವನ ಮಗಳು, ನನ್ನ ತಂಗಿ, ಕಾಫಿ ತಂದಳು. ನನ್ನ ಕೈಯಲ್ಲಿದ್ದುದನ್ನು ನೋಡಿ, "ಏನಕ್ಕ ಅದು?" ಎಂದಳು.

"ಅಕ್ಕನ ಆಸ್ಪತ್ರೆ ಕಾಗದ," ಎಂದೆ.

ಮದುವೆಯಾಯಿತು. ಚಿಕ್ಕವ್ವ ಅವಳನ್ನು ಎಲ್ಲಿಗೂ ಕರೆದುಕೊಂಡು ಹೋಗಲಿಲ್ಲ. ನಾನು ಚಿಕ್ಕವ್ವನಿಗೆ ಫೋನಿನಲ್ಲಿ ಎರಡು ಸಲ ನೆನಪಿಸಿ ಸುಮ್ಮನಾದೆ. ಮೂರನೆಯ ವರ್ಷ, ಮಗುವಿಗೆ ಹಾಲುಣಿಸುವಾಗ ತಂಗಿಯ ಕೈಗೆ ಗಂಟು ಸಿಕ್ಕಿತು. ಹಾಲು ಕಟ್ಟಿದೆ ಎಂದುಕೊಂಡು ಬಿಸಿಬಟ್ಟೆಯ ಶಾಖ ಕೊಡುತ್ತಾ ನಾಲ್ಕು ತಿಂಗಳು ಕಳೆದರು. ಹಾಸನಕ್ಕೆ ಬರುವ ಹೊತ್ತಿಗೆ ಅದು ಲಿವರಿಗೂ ಹರಡಿತ್ತು.

ಅವಳ ಗಂಡ ಔಷಧಿ ತರಲು ಹೋದಾಗ ವಾರ್ಡಿನಲ್ಲಿ ನಾವಿಬ್ಬರೇ ಇದ್ದೆವು.

"ಡಾಕ್ಟ್ರು ಎಲ್ಲಾ ಹೇಳಿದ್ರು," ಎಂದಳು. "ಅವತ್ತು ಮನೆಗೆ ಬಂದಾಗ ನಿಂಗೆ ಗೊತ್ತಿತ್ತಾ ಅಕ್ಕ?"

"ಗೊತ್ತಿತ್ತು."

"ಕೇಳಿದ್ನಲ್ಲ ನಾನು."

ಬೈದಿದ್ದರೆ ಸಹಿಸಿಕೊಳ್ಳಬಹುದಿತ್ತು. ಅವಳು ಗೋಡೆಯ ಕಡೆ ಹೊರಳಿದಳು. ಆಮೇಲೆ, "ನನ್ ಮಗ್ಳು ದೊಡ್ಡೋಳಾದ್ಮೇಲೆ ನೀನೇ ಹೇಳ್ಬೇಕು. ಯಾರು ಬ್ಯಾಡ ಅಂದ್ರೂ ಹೇಳ್ಬೇಕು," ಎಂದಳು. ಆಗಲಿ ಎಂದೆ. ಎಂಟು ತಿಂಗಳಲ್ಲಿ ಹೋಗಿಬಿಟ್ಟಳು.

ಚಿಕ್ಕವ್ವನ ರಕ್ತದಲ್ಲೂ ಆ ದೋಷ ಇದೆ. ಈಗ ವರ್ಷಕ್ಕೊಮ್ಮೆ ಇಬ್ಬರೂ ಒಟ್ಟಿಗೆ ಸ್ಕ್ಯಾನಿಗೆ ಹೋಗುತ್ತೇವೆ. ಈ ಸಲ ಇಬ್ಬರಿಗೂ ಏನೂ ಇಲ್ಲ ಎಂದರು. ಹೊರಗಿನ ಬೆಂಚಿನ ಮೇಲೆ ಕುಳಿತು ಚಿಕ್ಕವ್ವ ಅಳತೊಡಗಿದಳು. "ನಂಗ್ಯಾಕವ್ವ ಏನೂ ಆಗ್ಲಿಲ್ಲ?" ಎಂದಳು. ಬಸ್ಸಿಗೆ ಹೊತ್ತಾಗುತ್ತಿತ್ತು. ಅವಳ ಕೈ ಹಿಡಿದು ಎಬ್ಬಿಸಿದೆ.